ಮುಖ್ತಾರ್ ಕಾಕಾನ ಇಂಜಿನ್ ಮದ್ದು
ಸ್ಫಾಕ್ಸ್ ಪಟ್ಟಣದ ಹಳೇ ಪೇಟೆಯಲ್ಲಿ ಯಾರ ಕಾರು ಕೆಮ್ಮಿದರೂ ಮೊದಲು ಕರೆ ಹೋಗುವುದು ಮುಖ್ತಾರ್ ಕಾಕಾನಿಗೆ. ಟ್ಯಾಕ್ಸಿ ಓಡಿಸುವುದನ್ನು ಬಿಟ್ಟು ಮನೆ ಸೇರಿದ ಈ ಮನುಷ್ಯ, ಇಂಜಿನ್ ತೊಳೆಯುವ ಮದ್ದಿನ ಬಾಟಲಿ ಜೇಬಿನಲ್ಲಿಲ್ಲದೆ ಮಸೀದಿಗೂ ಹೋಗುವವನಲ್ಲ. "ಏಯ್, ಸ್ಪ್ಯಾನರ್ ಕೆಳಗಿಡು! ಬಿಚ್ಚೋದು ಆಮೇಲೆ, ಮೊದ್ಲು ಮದ್ದು ಕುಡಿಸು" ಎಂದು ಮೆಕ್ಯಾನಿಕ್ಕುಗಳನ್ನೇ ಗದರುತ್ತಾನೆ. ಹಳೇ ಎಣ್ಣೆಗೆ ಬಾಟಲಿ ಸುರಿದು, ಗಾಡಿಯನ್ನು ನಿಂತಲ್ಲೇ ಗುರುಗುಟ್ಟಿಸಿ, ಒಂದು ಲೋಟ ಪುದೀನ ಚಹಾ ಮುಗಿಯುವವರೆಗೆ ಕಾದು, ಡಾಂಬರಿನಂತೆ ಇಳಿದ ಎಣ್ಣೆಯನ್ನು ಬೀದಿಗೆಲ್ಲ ತೋರಿಸುತ್ತಾನೆ. ಅವನ ಮಾತು ನಂಬುವುದಾದರೆ, ವರ್ಷಗಟ್ಟಲೆ ಕೆಟ್ಟು ನಿಂತು, ಒಳಗೆ ಕೋಳಿ ಮೊಟ್ಟೆಯಿಟ್ಟಿದ್ದ ಇಂಜಿನ್ನೂ ಆ ಬಾಟಲಿಯಿಂದ ಎದ್ದು ಓಡಿದೆ. ಆದರೆ ಹೆಂಡತಿ ನಜೀಹಾ ತೀರಿಕೊಂಡ ಮೇಲೆ ಅವಳ ಪುಟ್ಟ ಕಾರು ಅವನ ಮನೆ ಮುಂದೆಯೇ ಧೂಳು ಹೊದ್ದು ನಿಂತಿತ್ತು. "ಊರಿಗೆಲ್ಲ ವೈದ್ಯ ನೀನು, ಮನೆ ರೋಗಿಗೆ ಯಾಕೆ ಕಾಕಾ ಮದ್ದಿಲ್ಲ?" ಎಂದು ಮಾಂಸದಂಗಡಿಯ ಶಾದ್ಲಿ ಒಮ್ಮೆ ಕೆಣಕಿದ. "ಅದ್ರೊಳಗಿನ ಮಸಿ ಅವಳು ಓಡಿಸ್ದಾಗ ಕೂತದ್ದು ಕಣೋ. ಇರ್ಲಿ ಬಿಡು" ಎಂದ ಮುಖ್ತಾರ್. ಈ ವಸಂತದಲ್ಲಿ ಮಗಳು ರೌದಾಳಿಗೆ ಬಸ್ಸೇ ಹೋಗದ ಹಳ್ಳಿಯೊಂದರ ಶಾಲೆಯಲ್ಲಿ ಕೆಲಸ ಸಿಕ್ಕಿತು. "ಬಾಬಾ, ಅಮ್ಮನ ಕಾರು ಕೊಡ್ತೀಯಾ? ಇಲ್ದಿದ್ರೆ ಈ ಕೆಲ್ಸ ಬಿಡ್ಬೇಕಾಗತ್ತೆ" ಎಂದಳು. ಮುಖ್ತಾರ್ ಮರುದಿನ ಬೆಳಿಗ್ಗೆ ಹೊಸ ಬ್ಯಾಟರಿ ಕೂರಿಸಿ, ಬಾಟಲಿ ಸುರಿದು, ಕಪ್ಪು ಎಣ್ಣೆಯ ಕೊನೆಯ ಹನಿ ಇಳಿಯುವವರೆಗೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತಿದ್ದ. ಹೊಸ ಎಣ್ಣೆ ತುಂಬಿ, ಕೈ ಒರೆಸಿಕೊಂಡು, ಮಗಳ ಅಂಗೈಯಲ್ಲಿ ಕೀಲಿಯಿಟ್ಟ. "ಸ್ವಲ್ಪ ದಿನ ಹೊಗೆ ಬರತ್ತಮ್ಮಾ, ಹೆದರ್ಬೇಡ. ಓಡಿಸ್ತಾ ಓಡಿಸ್ತಾ ನಿಲ್ಲತ್ತೆ."