ಬುಷ್ ಬಿಗಿದ ಭಾನುವಾರ

ನನ್ನ ಗಂಡ ಕಡಬದಲ್ಲಿ ಗ್ಯಾರೇಜ್ ನಡೆಸುತ್ತಿದ್ದವರು. ಊರವರ ಜೀಪು, ಪಿಕಪ್, ಕಾರುಗಳ ಅಡಿಯಲ್ಲೇ ಅರ್ಧ ಆಯುಷ್ಯ ಕಳೆದವರು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದಕ್ಕೆ ನಮ್ಮ ಸ್ವಂತ ಕಾರು ಸಾಕ್ಷಿ. ಹಳೆಯದು, ಚಿಕ್ಕದು, ಅದರ ಸರದಿ ಯಾವಾಗಲೂ ಎಲ್ಲರ ಕಾರಿನ ನಂತರ. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು.

ಕ್ಯಾನ್ಸರ್ ಅವರ ಬೆನ್ನೆಲುಬಿಗೆ ಇಳಿದಾಗ ಗ್ಯಾರೇಜಿಗೆ ಬೀಗ ಬಿತ್ತು. ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ನನ್ನ ಅಣ್ಣನನ್ನೂ ಒಳಗೆ ಕರೆದು, ಬಾಗಿಲು ಹಾಕಿ, ಇನ್ನು ಕೆಲವೇ ತಿಂಗಳು ಎಂದರು. ಹೊರಗೆ ಬೆಂಚಿನಲ್ಲಿ ಕೂತಿದ್ದ ನನ್ನ ಗಂಡನಿಗೆ ನಾವು ಹೇಳಿದ್ದು ಬೇರೆ: ಎಲುಬಿಗೆ ಸೋಂಕಂತೆ, ಇಂಜೆಕ್ಷನ್ ತಗೊಂಡರೆ ವಾಸಿಯಂತೆ. ನಮ್ಮ ಕಡೆ ಇದೇ ಪದ್ಧತಿ. ರೋಗ ಯಾರದ್ದೋ ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ವಿಷಯ ಗೊತ್ತಿರುತ್ತದೆ. "ಹೇಳಿದರೆ ಇದ್ದ ಧೈರ್ಯವೂ ಹೋಗ್ತದೆ. ನೀನು ಬಾಯಿ ಬಿಡಬೇಡ," ಎಂದು ಅಣ್ಣ ಆಣೆ ಹಾಕಿಸಿಕೊಂಡ. ಮಾತಿನಲ್ಲಿ ಯಾರಿಗೂ ಸೋಲದ ನಾನು ಅಂದಿನಿಂದ ಮನೆಯೊಳಗೆ ಕಳ್ಳಿಯ ಹಾಗೆ ಓಡಾಡತೊಡಗಿದೆ.

ವಾರಕ್ಕೊಮ್ಮೆ ನೋವಿನ ಇಂಜೆಕ್ಷನಿಗೆ ಪುತ್ತೂರಿಗೆ ಹೋಗಬೇಕು. ಮುಂದಿನ ಸೀಟನ್ನು ಹಿಂದಕ್ಕೆ ಮಲಗಿಸಿ, ದಿಂಬು ಒತ್ತಿಟ್ಟು ಅವರನ್ನು ಮಲಗಿಸಿದ ಮೇಲೆ ನಾನು ಕಾರು ಬಿಡುವುದು. ಮುಂದಿನ ಚಕ್ರಗಳನ್ನು ಹಿಡಿದಿಡುವ ಕಬ್ಬಿಣದ ತೋಳಿನ ಬುಡದಲ್ಲಿ ರಬ್ಬರಿನ ಬುಷ್ ಇರುತ್ತದೆ. ನಮ್ಮ ಕಾರಿನದ್ದು ಸವೆದು ಹೋಗಿತ್ತು. ಸಣ್ಣ ಗುಂಡಿ ಸಿಕ್ಕಿದರೂ ಕಬ್ಬಿಣ ಕಬ್ಬಿಣಕ್ಕೇ ಬಡಿದು 'ಕಟ್' ಎನ್ನುತ್ತಿತ್ತು. ಆ ಪೆಟ್ಟು ನೇರ ಅವರ ಬೆನ್ನಿಗೆ. ಹೆಗಲ ಮೇಲಿನ ಬೈರಾಸು ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿರುತ್ತಿದ್ದರು. ಎಷ್ಟು ಮೆಲ್ಲ ಹೋದರೂ ಗುಂಡಿ ತಪ್ಪಿಸುವುದು ನನ್ನಿಂದ ಆಗುತ್ತಿರಲಿಲ್ಲ. ರಸ್ತೆಯ ಮೇಲೆ, ಕಾರಿನ ಮೇಲೆ, ದೇವರ ಮೇಲೆ ಒಟ್ಟಿಗೇ ಸಿಟ್ಟು ಬರುತ್ತಿತ್ತು.

ಕಾರಿಗೆ ಮದ್ದು ಮಾಡಲು ಸುಳ್ಯದಿಂದ ಬಂದವನು ನನ್ನ ಅಣ್ಣನೇ. ಮಂಡಿನೋವಿನಿಂದ ಹಿಡಿದು ಬಾಗಿಲಿನ ತಿರುಗಣಿವರೆಗೆ ನಮ್ಮವರಿಗೆ ಎಲ್ಲಕ್ಕೂ ತೆಂಗಿನೆಣ್ಣೆ. ನಾವು ಒಳಗಿದ್ದಾಗ ಬುಷ್‌ಗೂ ಅದನ್ನೇ ಧಾರಾಳವಾಗಿ ಬಿಟ್ಟಿದ್ದ. ಒಂದು ವಾರ ಶಬ್ದವೇ ಇಲ್ಲ. ಆಮೇಲೆ ರಬ್ಬರು ನೆನೆದ ಅವಲಕ್ಕಿಯಂತೆ ಉಬ್ಬಿ, ಮೆತ್ತಗಾಗಿ, ಚೂರು ಚೂರಾಗಿ ಉದುರಿತು. ಈಗ ಕಾರು ಮೊದಲಿಗಿಂತ ಜೋರಾಗಿ ಬಡಿಯತೊಡಗಿತು.

"ರಬ್ಬರ್ ತೋಟ ಇಟ್ಟುಕೊಂಡು ರಬ್ಬರಿಗೆ ಎಣ್ಣೆ ಹಾಕುವವನು ನಿನ್ನ ಅಣ್ಣ ಒಬ್ಬನೇ ಮಾರಾಯ್ತಿ," ಎಂದು ಅವರು ನಕ್ಕರು. ನಕ್ಕದ್ದಕ್ಕೂ ಬೆನ್ನು ಹಿಡಿದುಕೊಂಡರು.

ಬೇರೆ ಗ್ಯಾರೇಜಿಗೆ ಕೊಡಲು ಒಪ್ಪಲಿಲ್ಲ. "ನೀನೇ ಹಾಕು. ನಾನು ಹೇಳಿಕೊಡ್ತೇನೆ."

"ನನಗೆಂತ ಗೊತ್ತುಂಟು ಮಾರಾಯ್ರೆ?"

"ಇಷ್ಟು ವರ್ಷ ಟಾರ್ಚ್ ಹಿಡಿದದ್ದು, ಸ್ಪ್ಯಾನರ್ ಕೊಟ್ಟದ್ದು ಯಾರು, ನೆರೆಮನೆಯವಳಾ?"

ಪುತ್ತೂರಿನ ದರ್ಬೆಯ ಅಂಗಡಿಯಿಂದ ಹೊಸ ಬುಷ್ ತಂದೆ. ಭಾನುವಾರ ಅಂಗಳದಲ್ಲಿ ಮಡಚುವ ಮಂಚ ಹಾಕಿ ಅವರನ್ನು ಒರಗಿಸಿದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಮುಂದಿನ ಚಕ್ರ ಬಿಚ್ಚಿದೆ. ತುಕ್ಕು ಹಿಡಿದ ಬೋಲ್ಟು ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಡೀ ಮೈಭಾರ ಹಾಕಿದಾಗ 'ಟಕ್' ಎಂದಿತು, ನನ್ನ ಗೆಣ್ಣಿನ ಚರ್ಮ ಕಿತ್ತುಬಂತು. ಮಂಚದಿಂದ ಅವರ ಅಪ್ಪಣೆ ನಡೆದೇ ಇತ್ತು. ಕಬ್ಬಿಣದ ತೋಳನ್ನು ಕಳಚಿ, ಗ್ಯಾರೇಜಿನಿಂದ ತಂದ ವೈಸ್ ಇಕ್ಕಳಕ್ಕೆ ಕಚ್ಚಿಸಿ ಹಳೆಯ ಬುಷ್ ಒತ್ತಿ ತೆಗೆದೆ. ಹೊಸದಕ್ಕೆ ಬಟ್ಟೆ ಸೋಪಿನ ನೀರು ಹಚ್ಚಿದರೆ ಸಾಕು, ನಯವಾಗಿ ಜಾರಿ ಕೂರುತ್ತದೆ. ಬುಷ್ ನೇರ ಕೂತಾಗ ಅವರ ಮುಖದಲ್ಲಿ ಬಂದ ಸಂತೋಷವನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಇವರಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂದುಕೊಳ್ಳುತ್ತಾ ಇನ್ನೊಂದು ಬದಿಯ ಚಕ್ರಕ್ಕೆ ಕೈ ಹಾಕಿದೆ.

ಎರಡು ಕಡೆಯದ್ದೂ ಕೂರಿಸಿ ಬೋಲ್ಟು ಪೋಣಿಸುವಾಗ ಸಂಜೆಯಾಗಿತ್ತು. ಕೊನೆಯ ಬಿಗಿತದ ಬಗ್ಗೆ ಅವರದ್ದೊಂದು ಕಾನೂನು ಇತ್ತು. ಚಕ್ರ ಗಾಳಿಯಲ್ಲಿ ನೇತಾಡುವಾಗ ಬುಷ್ ಬಿಗಿಯಬಾರದು. ಬಿಗಿದರೆ ಕಾರು ಕೆಳಗಿಳಿದಾಗ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಚಕ್ರ ನೆಲ ಮುಟ್ಟಿ ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಈ ಕಾನೂನು ಮುರಿದ ಕೆಲಸಗಾರರನ್ನು ಅವರು ಗಿರಾಕಿಗಳ ಎದುರೇ ಬೈದದ್ದುಂಟು.

ನಾನು ಜಾಕ್ ಇಳಿಸಲು ಕೈ ಹಾಕಿದೆ.

"ಬೇಡ. ಹಾಗೆಯೇ ಬಿಗಿ ಮಾಡಿಬಿಡು. ನಿನಗೂ ಸಾಕಾಗಿದೆ," ಎಂದರು.

"ನೇತಾಡುವಾಗಲೇ? ನೀವು ಹೇಳುದಾ ಇದು?"

"ಹಾಗೆ ಬಿಗಿದದ್ದು ನಾಲ್ಕು ತಿಂಗಳಾದರೂ ಬರ್ತದೆ. ನನಗೆ ಅಷ್ಟು ಸಾಕಲ್ಲ."

ಅವರು ನನ್ನನ್ನು ನೋಡುತ್ತಿರಲಿಲ್ಲ, ಕಾರನ್ನು ನೋಡುತ್ತಿದ್ದರು. ನಾನು ಸಿಟ್ಟು ಮಾಡಿದೆ. "ಮಣ್ಣು ಸಾಕು! ಅರ್ಧಂಬರ್ಧ ಕೆಲಸ ನನ್ನಿಂದಾಗುದಿಲ್ಲ," ಎಂದು ಕೂಗಿ ಚಕ್ರ ಹಾಕಿದೆ, ಕೆಳಗೆ ಹಲಗೆ ಕೊಟ್ಟು ಜಾಕ್ ಇಳಿಸಿದೆ. ಗೋಣಿ ಹಾಸಿ, ಬೋರಲು ಮಲಗಿ, ತಲೆಯನ್ನೂ ಕೈಯನ್ನೂ ಕಾರಿನಡಿಗೆ ತೂರಿಸಿ ಬಿಗಿದೆ. ಮುಖ ಅವರಿಗೆ ಕಾಣದ ಜಾಗ ಅದೊಂದೇ. ಅಲ್ಲಿ ಅತ್ತೆ. ಬಿಗಿದು ಮುಗಿದ ಮೇಲೂ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಅವರೂ ಕರೆಯಲಿಲ್ಲ.

ಮರುದಿನ ಪುತ್ತೂರಿಗೆ ಹೊರಟೆವು. ಗುಂಡಿಗಳು ಇದ್ದಲ್ಲೇ ಇದ್ದವು, ಕಾರು ಮಾತ್ರ ತೆಪ್ಪಗೆ ಇಳಿದು ಏರುತ್ತಿತ್ತು. ಬೈರಾಸು ಅವರ ಹೆಗಲ ಮೇಲೇ ಇತ್ತು. ಮೊದಲೆಲ್ಲ ಆ ಬಡಿತದ ನಡುವೆ ನಮಗೆ ಮಾತಾಡುವ ಅಗತ್ಯ ಬರುತ್ತಿರಲಿಲ್ಲ. ಈಗ ಅವರ ಉಸಿರೂ ಕೇಳುತ್ತಿತ್ತು. ದಾರಿಯಲ್ಲಿ ಸಿಗುವ ಸವಣೂರು ದಾಟಿದ ಮೇಲೆ ಕೇಳಿದರು, "ಡಾಕ್ಟರು ನಿನ್ನತ್ರ ಎಂತ ಹೇಳಿದ್ದು?"

ಅಣ್ಣನ ಆಣೆ ನೆನಪಾಯಿತು. ಆಣೆಗೆ ಬೆಂಕಿ ಬೀಳಲಿ ಎಂದುಕೊಂಡೆ. ರಸ್ತೆಯಿಂದ ಕಣ್ಣು ತೆಗೆಯದೆ ಎಲ್ಲವನ್ನೂ ಹೇಳಿದೆ. ರೋಗದ ಹೆಸರು, ಅದು ಎಲ್ಲಿವರೆಗೆ ಹೋಗಿದೆ ಎಂಬುದು, ಉಳಿದಿರುವ ಸಮಯ. ಹೇಳುವಾಗ ನನ್ನ ಸ್ವರ ಬೇರೆ ಯಾರದ್ದೋ ಹಾಗೆ ಇತ್ತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಧೈರ್ಯ ಹೋಯಿತೇನೋ, ನಾನೇ ಕೊಂದೆನೇನೋ ಎಂದು ಹೆದರಿ ದರ್ಬೆ ಹತ್ತಿರ ಕಾರನ್ನು ಬದಿಗೆ ನಿಲ್ಲಿಸಿದೆ.

ಅವರು ನನ್ನ ಕಡೆ ತಿರುಗಿ, ಗೆಣ್ಣು ಕಿತ್ತ ನನ್ನ ಕೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು.

"ಇಷ್ಟು ದಿನ ನಾನೊಬ್ಬನೇ ಹೆದರಿಕೊಂಡಿದ್ದೆ ಮಾರಾಯ್ತಿ," ಎಂದರು.

"ನಾನೂ," ಎಂದೆ.