ಸಾಹೇಬರಿಗಾಗಿ ಆರಿಸಿದ ಒಲೆ

“ಕಾಮ್ ಖಂಯ್ ಆಸಾ?” ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾಹೇಬರು ಕೊಂಕಣಿಯಲ್ಲಿ ಕೇಳಿದರು. ಕೆಲಸ ಎಲ್ಲಿ ನಡೆಯುತ್ತದೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ.

ಕೊಂಕಣಿ ಸೀಮೆಯ ಉಸಗಾಂವದಲ್ಲಿ ನಾನು ಮತ್ತು ನನ್ನ ಅತ್ತೆ ಜೋಳದ ರೊಟ್ಟಿ ಬಡಿದು ಮಾರುತ್ತೇವೆ. ಇನ್ನಿಬ್ಬರು ಹೆಂಗಸರನ್ನು ಸೇರಿಸಿಕೊಂಡು ಕೆಲಸ ಬೆಳೆಸೋಣವೆಂದು, ಹಳ್ಳಿಯ ಸಣ್ಣ ಉದ್ಯಮಗಳಿಗೆ ಕೊಡುವ ಸಹಾಯಧನಕ್ಕೆ ಅರ್ಜಿ ಹಾಕಿದ್ದೆ. ಅದರ ತಪಾಸಣೆಗೆ ಬಂದವರು ಇವರು. ಆದರೆ ದಿನವೂ ಹೊಗೆ ಕಾರುವ ಒಲೆ ಅಂದು ತಣ್ಣಗಿತ್ತು. ಹಿಟ್ಟಿನ ಡಬ್ಬಿ ಮಂಚದ ಕೆಳಗೆ ಸೇರಿತ್ತು. ರೊಟ್ಟಿ ಬಡಿಯುವ ಜಾಗದಲ್ಲಿ ಜಮಖಾನೆ ಹಾಸಿದ್ದೆವು.

“ದೊಡ್ಡ ಮನಶ್ಯಾರು ಬರಾಕತ್ತಾರ, ಮನಿ ತುಂಬ ಹೊಗಿ ಹಾಕ್ಕೊಂಡು ಕುಂದ್ರೂದೇನ? ಒಲಿ ಆರಿಸು,” ಎಂದು ಅತ್ತೆ ಬೆಳಿಗ್ಗೆಯೇ ಹುಕುಂ ಮಾಡಿದ್ದರು. ನಾನೂ ಮಹಾ ಜಾಣೆ, ಇಳಕಲ್ ಸೀರೆ ಉಟ್ಟು ನಿಂತಿದ್ದೆ.

ಸಾಹೇಬರು ಜಮಖಾನೆಯ ಮೇಲೆ ಕೂತು, ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ಮೂರು ಕಡಕ್ ರೊಟ್ಟಿ ತಿಂದರು. ಮನೆಗೂ ಒಂದು ಕಟ್ಟು ಕಟ್ಟಿಸಿಕೊಂಡರು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಎಂದುಕೊಂಡೆ. ವಾರ ಕಳೆದ ಮೇಲೆ ಪತ್ರ ಬಂತು: ಸ್ಥಳದಲ್ಲಿ ರೊಟ್ಟಿ ತಯಾರಿಕೆಯ ಯಾವ ಕುರುಹೂ ಕಂಡುಬಂದಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ. ಕುರುಹು ಹೇಗೆ ಉಳಿದೀತು, ಕಟ್ಟಿಸಿಕೊಂಡು ಹೋಗಿದ್ದರಲ್ಲ!

ಮತ್ತೆ ಅರ್ಜಿ ಹಾಕಿದ್ದೇನೆ. ಈ ಸಲ ಜಮಖಾನೆ ಇಲ್ಲ, ಇಳಕಲ್ ಸೀರೆ ಇಲ್ಲ. ಹಸಿ ಕಟ್ಟಿಗೆ ಮಾತ್ರ ಕೂಡಿಟ್ಟಿದ್ದೇನೆ. ನಮ್ಮ ಉದ್ಯಮ ನೋಡಿ ಸಾಹೇಬರ ಕಣ್ಣಲ್ಲಿ ನೀರು ಬರಬೇಕು.