ಸುರಗಿಯ ಹಾಡು ಮತ್ತು ಒಂದು ಟಿಕ್ ಗುರುತು

ಕಂಪ್ಯೂಟರಿಗೆ ವೈರಸ್ ಬಂದು ಹಾಡು ಹೋಯಿತು ಅಂತ ನಮ್ಮ ಭಾವ ಇವತ್ತಿಗೂ ಹೇಳುತ್ತಾರೆ. ಅಕ್ಕನೂ ಹಾಗೇ ಹೇಳುತ್ತಾಳೆ. ದಾವಣಗೆರೆ ವಿನೋಬನಗರದ ನಮ್ಮ ಸ್ಟುಡಿಯೋದ ಕೆಳಗೆ ಝೆರಾಕ್ಸ್ ಅಂಗಡಿ ಇಟ್ಟವರು ಕಂಪ್ಯೂಟರನ್ನು ಒಮ್ಮೆಯೂ ಮುಟ್ಟಿ ನೋಡಿದವರಲ್ಲ. ಅವರೂ "ಆ ವೈರಸ್ ಬಂದಿತ್ತಲ್ಲ, ಆವಾಗ" ಎಂದು ಪ್ಲೇಗು ಬಂದ ವರ್ಷದ ಹಾಗೆ ಮಾತಾಡುತ್ತಾರೆ.

ನನ್ನದೊಂದು ಸಣ್ಣ ತಕರಾರು. ಆ ವೈರಸ್ಸಿಗೆ ಚಿತ್ರ ಬೇಡವಾಯಿತೆ, ಬಣ್ಣ ಬೇಡವಾಯಿತೆ, ಬರೀ ಧ್ವನಿ ಬೇಕಾಯಿತೆ? ಅದರಲ್ಲೂ ನಾವು ತುಂಬಿದ ಸಿನಿಮಾ ಹಾಡುಗಳನ್ನೆಲ್ಲ ಬಿಟ್ಟು ಮನುಷ್ಯರ ಧ್ವನಿಯನ್ನಷ್ಟೇ ಆರಿಸಿ ತಿಂದಿತೆ? ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವ ವೈರಸ್ ಇದ್ದಿದ್ದರೆ ಭಾವ ಅದನ್ನೇ ಎಡಿಟಿಂಗಿಗೆ ಇಟ್ಟುಕೊಳ್ಳುತ್ತಿದ್ದರು, ನನ್ನನ್ನಲ್ಲ.

ತೊಂಬತ್ತರ ದಶಕದ ಕೊನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಗೆದ್ದು, ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಅಕ್ಕನ ಮನೆಯಲ್ಲಿ ಇದ್ದೆ. ಭಾವ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಎಡಿಟ್ ಮಾಡುವುದು ಊರಿಗೆ ಹೊಸದು. ಮಹಡಿಯ ಕೋಣೆಯಲ್ಲಿ ಸಿಸ್ಟಂ ತಂದಿಟ್ಟು, "ವಕೀಲಮ್ಮ, ನಮ್ಮ ಜೊತೆ ವಾದ ಮಾಡಿದ್ದು ಸಾಕು, ಇನ್ನ ಇದರ ಜೊತಿ ಮಾಡು" ಅಂದರು. ಅವರ ಲೆಕ್ಕದಲ್ಲಿ ಅದು ತಮಾಷೆ. ಆದರೆ ಸುಳ್ಳೇನಲ್ಲ. ನಾನು ಗೆದ್ದ ವಾದಗಳೆಲ್ಲ ಸೋತವರು ನನ್ನ ಜೊತೆ ಮಾತು ಬಿಡುವುದರಲ್ಲೇ ಮುಗಿದಿದ್ದವು. ಕಾಲೇಜಿನಿಂದ ಒಂದು ಕಾಗದ ಬರೆಯುವವರೂ ಉಳಿದಿರಲಿಲ್ಲ.

ಭಾವ ಕ್ಯಾಮೆರಾ ಹೊತ್ತು ಮದುವೆಗೆ ಹೋಗುವರು, ನಾನು ಕೋಣೆಯಲ್ಲಿ ಕೂತು ಆ ಮದುವೆಗಳನ್ನು ನೋಡುವೆ. ಯಾವ ಮದುಮಗಳು ಯಾವ ಕ್ಷಣದಲ್ಲಿ ಅಳು ನುಂಗಿದಳು, ಯಾವ ಚಿಕ್ಕಪ್ಪ ಯಾರನ್ನು ಕಂಡು ಮುಖ ತಿರುಗಿಸಿದ ಎಂಬುದೆಲ್ಲ ನನಗೆ ಗೊತ್ತು. ಒಮ್ಮೆ ಹರಿಹರದ ಬಸ್ಸಿನಲ್ಲಿ ಯಾರದೋ ಮದುವೆಯ ಸೋದರತ್ತೆ ಎದುರಿಗೆ ಕೂತಿದ್ದರು. ನಾಲ್ಕು ದಿನ ಅವರ ಮುಖವನ್ನೇ ನೋಡಿದ್ದೆನಲ್ಲ, ಬಾಯಿತುಂಬ ನಕ್ಕುಬಿಟ್ಟೆ. ಅವರು ತಮ್ಮ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

ಸಿಸ್ಟಂ ಮೊದಲ ವಾರದಿಂದಲೇ ಕಾಟ ಕೊಟ್ಟಿತು. ಕ್ಯಾಸೆಟ್ಟಿನಿಂದ ಒಳಗೆ ತೆಗೆದುಕೊಂಡ ಚಿತ್ರ ಓಡಿಸಿದರೆ ಕುಂಟುತ್ತಿತ್ತು. ತಾಳಿ ಕಟ್ಟುವ ಕೈ ಮೇಲೆದ್ದದ್ದು ಅಲ್ಲೇ ನಿಂತು, ಆಮೇಲೆ ಒಮ್ಮೆಲೇ ಕೆಳಗಿರುತ್ತಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಧ್ವನಿ ಮುಂದೆ, ತುಟಿ ಹಿಂದೆ. ಅಯ್ಯನವರು ಬಾಯಿ ಮುಚ್ಚಿದ ಮೇಲೂ ಮಂತ್ರ ನಡೆದಿರುತ್ತಿತ್ತು. ಇನ್ನು ರೆಂಡರ್, ಅಂದರೆ ಕತ್ತರಿಸಿ ಜೋಡಿಸಿದ್ದನ್ನೆಲ್ಲ ಕಂಪ್ಯೂಟರ್ ಒಂದೇ ಚಿತ್ರವಾಗಿ ಬೇಯಿಸುವ ಕೆಲಸ, ಅದು ಮುಕ್ಕಾಲು ಪಾಲು ಮುಗಿದು ಕೈ ಎತ್ತುತ್ತಿತ್ತು. ಮುಗಿದರೂ, ವಿ.ಸಿ.ಆರ್.ಗೆ ಕಳಿಸಿ ಕ್ಯಾಸೆಟ್ಟಿಗೆ ತುಂಬುವಾಗ ಮತ್ತೆ ಕುಂಟು.

ಭಾವ ಊದುಬತ್ತಿ ಹಚ್ಚಿದರು. ಮಾನಿಟರಿಗೆ ವಿಭೂತಿ ಬಳಿದರು. ನಾನು ಒಂದು ನೋಟ್‌ಬುಕ್ ಇಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತೆ ಓಡಿಸುವುದು, ಬರೆಯುವುದು. ಡಿಸ್ಕಿನಲ್ಲಿ ಚೂರುಚೂರಾಗಿ ಚದುರಿದ್ದನ್ನು ಒಟ್ಟು ಮಾಡಿದೆ, ಕುಂಟು ಅರ್ಧ ಇಳಿಯಿತು. ಉದ್ದದ ಮದುವೆಯನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿದೆ, ರೆಂಡರ್ ನಿಲ್ಲುವುದು ತಪ್ಪಿತು. ಉಳಿದದ್ದು ತುಟಿ ಮತ್ತು ಧ್ವನಿಯ ಜಗಳ. ಚಿತ್ರ ಕಂಪ್ಯೂಟರಿನೊಳಗಿನ ಒಂದು ಕಾರ್ಡಿನಿಂದ ಬರುತ್ತಿತ್ತು, ಧ್ವನಿ ಇನ್ನೊಂದರಿಂದ. ಎರಡರ ಗಡಿಯಾರ ಎಂದೂ ಕೂಡಲಿಲ್ಲ. ಕಡೆಗೆ ಒಂದು ಮಧ್ಯಾಹ್ನ, ಒಳಗೆ ತೆಗೆದುಕೊಳ್ಳುವ ಪರದೆಯಲ್ಲಿ 'ಧ್ವನಿ' ಎಂಬುದರ ಮುಂದಿನ ಟಿಕ್ ತೆಗೆದು ನೋಡಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಚಿತ್ರ ಓಡಿತು. ಒಂದು ಫ್ರೇಮೂ ತಪ್ಪಲಿಲ್ಲ.

"ಭಾವ, ಧ್ವನಿ ತಗೊಳ್ಳಾದೇ ಬ್ಯಾಡ. ಬರೀ ಚಿತ್ರ ತಗೊಂಡ್ರೆ ಎಲ್ಲಾ ಸರಿ ಹೋಗ್ತೈತೆ."

"ತಗೋಬ್ಯಾಡ ಬಿಡು. ಮದಿವಿ ಕ್ಯಾಸೆಟ್ಟಿನಾಗ ಧ್ವನಿ ಅಂದ್ರೆ ಏನೈತೆ? ವಾಲಗ, ಹುಡುಗರ ಅಳು, 'ಸಾರು ತರ್ರೀ ಇತ್ಲಾಗೆ' ಅನ್ನಾದು. ಹೆಂಗೂ ಮ್ಯಾಲೆ ಸಿನಿಮಾ ಹಾಡು ಹಾಕ್ತೀವಿ."

ಅದು ನಿಜ. ಆಗ ನಮ್ಮ ಕಡೆ ಎಲ್ಲ ಸ್ಟುಡಿಯೋಗಳೂ ಹಾಗೇ ಮಾಡುತ್ತಿದ್ದವು, ಗಿರಾಕಿಗಳು ಕೇಳುತ್ತಿದ್ದುದೂ ಅದನ್ನೇ. ಇನ್ನೊಂದು ಪದ್ಧತಿಯೂ ಇತ್ತು. ಎಡಿಟ್ ಆದ ಮೇಲೆ ಮೂಲ ಕ್ಯಾಸೆಟ್ಟು ಮುಂದಿನ ಮದುವೆಗೆ ಹೋಗುತ್ತಿತ್ತು. ಒಬ್ಬರ ಧಾರೆಯ ಮೇಲೆ ಇನ್ನೊಬ್ಬರ ಧಾರೆ. ಡಿಸ್ಕಿನಲ್ಲೂ ಒಂದು ಮದುವೆಗಷ್ಟೇ ಜಾಗ, ಹಳೆಯದನ್ನು ಅಳಿಸಿದರೇ ಹೊಸದು. ನೋಟ್‌ಬುಕ್ಕಿನಲ್ಲಿ "ಸಮಸ್ಯೆ ಪರಿಹಾರ" ಎಂದು ಬರೆದು ಎರಡು ಗೆರೆ ಎಳೆದೆ.

ಏಳೆಂಟು ತಿಂಗಳ ಮೇಲೆ ಹರಿಹರದ ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಬಂದಳು. ಮುಖ ನೋಡಿದ ಕೂಡಲೆ ಗುರುತು ಸಿಕ್ಕಿತು. ನಾನು ಎಡಿಟ್ ಮಾಡಿದ ಮದುಮಗಳು. ಕೈಯಲ್ಲಿ ನಮ್ಮದೇ ಕ್ಯಾಸೆಟ್ಟು.

"ಇದರಾಗ ನಮ್ಮವ್ವ ಹಾಡಿದ್ದು ಇಲ್ಲರಿ. ಬರೀ ಸಿನಿಮಾ ಹಾಡು ಐತೆ. ಅದನ್ನ ತಗದು ಅವ್ವನ ಪದ ಹಾಕಿ ಕೊಡ್ರಿ."

ಸುರಗಿ ನೀರಿನ ಹೊತ್ತಿನ ಪದ ಅದು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಅರಿಶಿನ ಎಣ್ಣೆ ಹಚ್ಚಿ ನೀರೆರೆಯುತ್ತಾರೆ, ಹೆಂಗಸರು ಹಾಡುತ್ತಾರೆ. ಇವಳ ಅವ್ವನ ಪದ ಮನೆತನದ್ದು. ಬೇರೆ ಯಾರಿಗೂ ಬಾರದು. ಮದುವೆಯಾಗಿ ಮೂರು ತಿಂಗಳಿಗೆ ಅವ್ವನಿಗೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದವು. ಈಗ ಮುಂದಿನ ತಿಂಗಳು ತಂಗಿಯ ಮದುವೆ. ಆ ಪದ ಇಲ್ಲದೆ ಅವಳಿಗೆ ನೀರೆರೆಯುವುದು ಹೇಗೆ?

ಭಾವ ನನ್ನ ಕಡೆ ನೋಡಲಿಲ್ಲ. "ಏನ್ ಹೇಳ್ಲವ್ವಾ, ಆವಾಗ ಕಂಪ್ಯೂಟರಿಗೆ ವೈರಸ್ ಬಂದುಬಿಡ್ತು. ಧ್ವನಿ ಎಲ್ಲಾ ತಿಂದು ಹಾಕ್ತು."

"ಅದಕ್ಕ ಔಷಧ ಇಲ್ಲೇನ್ರಿ?"

"ಇಲ್ಲವ್ವಾ."

ಎದುರಾಳಿ ಒಂದು ಸುಳ್ಳು ಹೇಳಿದರೆ ಕುರ್ಚಿಯಿಂದ ಏಳುತ್ತಿದ್ದವಳು ನಾನು. ಅವತ್ತು ಕೀಬೋರ್ಡಿನ ಧೂಳು ಒರೆಸುತ್ತ ಕೂತೆ. ಅವಳು ಕ್ಯಾಸೆಟ್ಟನ್ನು ಮೇಜಿನ ಮೇಲೇ ಬಿಟ್ಟು ಹೋದಳು.

ಮರುದಿನ ಅದನ್ನೇ ಮತ್ತೆ ಸಿಸ್ಟಂ ಒಳಗೆ ತೆಗೆದುಕೊಂಡೆ. ಸಿನಿಮಾ ಹಾಡು ಕೇಳದಂತೆ ಸದ್ದನ್ನು ಸೊನ್ನೆ ಮಾಡಿ, ಒಂದೊಂದೇ ಫ್ರೇಮು ಸರಿಸಿದೆ. ಆ ತಾಯಿ ಪರದೆಯಲ್ಲಿ ಬಾಯಿ ತೆರೆದರು, ಮುಚ್ಚಿದರು. ಮೂರು ದಿನ ಅವರ ತುಟಿಯ ಎದುರು ನನ್ನ ತುಟಿ ಆಡಿಸುತ್ತ ಕೂತೆ. ಹುಡುಗಿಗೆ ಮೊದಲ ಎರಡು ಸಾಲು ನೆನಪಿತ್ತು, ಅವತ್ತು ಹೇಳಿ ಹೋಗಿದ್ದಳು:

ನಾಕೂರ ನೀರ ತಂದೀವಿ ಮಗಳ, ನಾಕು ಮೂಲ್ಯಾಗ ಇಟ್ಟೀವಿ
ಕೊಂಡಜ್ಜಿ ಕೆರಿಯ ತಿಳಿನೀರ ಒಂದು, ಉಕ್ಕಡಗಾತ್ರಿ ಹೊಳಿದೊಂದು

ಆಮೇಲೆ ಎಣ್ಣೆ, ಅರಿಶಿನ, ಅಳು ಎಲ್ಲ ಸೇರಿ ಏನೂ ಕೇಳಿಸಲಿಲ್ಲವಂತೆ. ಮೂರನೆಯ ನೀರು ಹರಿಹರದ್ದೇ ಇರಬೇಕು. 'ಹರಿ', 'ಹರ' ಅಂದ ಹಾಗೆ ತುಟಿ ಎರಡು ಸಲ ಒಂದೇ ಥರ ಆಡಿತು, ನಿಧಾನಕ್ಕೆ ಓಡಿಸಿ ನೋಡಿದರೂ ಆ ಹೆಸರೇ ಹೊಂದುತ್ತದೆ. ನಾಲ್ಕನೆಯದು ಶುರುವಾಗುವ ಹೊತ್ತಿಗೆ ಸರಿಯಾಗಿ ಆ ತಾಯಿಯ ಮುಖದ ಮೇಲೆ ಒಂದು ಕೆಂಪು ಹಾರ್ಟು ಅರಳಿತು. ಅದರೊಳಗೆ ಮದುಮಕ್ಕಳ ಫೋಟೋ. ನಾನೇ ಹಾಕಿದ್ದ ಆರು ಸೆಕೆಂಡಿನ ಆ ಎಫೆಕ್ಟು ರೆಂಡರ್ ಆಗಲು ಇಪ್ಪತ್ತು ನಿಮಿಷ ಹಿಡಿದಿತ್ತು. ಒಂದು ಕುಂಟೂ ಇಲ್ಲದೆ ಬಂತು ಅಂತ ಅಕ್ಕನನ್ನು ಮೇಲೆ ಕರೆದು ತೋರಿಸಿದ್ದೆ. ಹಾರ್ಟು ಮುಚ್ಚಿಕೊಂಡಾಗ ಆ ತಾಯಿ ಸುಮ್ಮನೆ ನಿಂತಿದ್ದರು, ಪದ ಮುಗಿದಿತ್ತು.

ಯಾರಿಗೂ ಹೇಳದೆ ಹರಿಹರಕ್ಕೆ ಹೋದೆ. ಆ ತಾಯಿ ಹೊರಕೋಣೆಯ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಹುಡುಗಿ ಚಾಪೆ ಹಾಸಿ "ಕೂಡ್ರಿ" ಅಂದಳು. ಕೂರುವ ಮೊದಲೇ ಹೇಳಿದೆ, ವೈರಸ್ ಏನೂ ಬಂದಿರಲಿಲ್ಲ, ಧ್ವನಿ ತೆಗೆದುಕೊಳ್ಳದೆ ಇದ್ದವಳು ನಾನು ಅಂತ.

"ಹಂಗಾರ ಮೊನ್ನೆ ಯಾಕ ಸುಮ್ನಿದ್ರಿ?"

ಅವಳು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳುತ್ತಿತ್ತು, ಚಹಾ ಬರಲಿಲ್ಲ.

ನಾನು ಮಂಚದ ಪಕ್ಕ ಕೂತು ಹಾಳೆ ತೆಗೆದೆ. ಮೂರು ನೀರು ಓದಿ ಹೇಳಿದೆ. ಅವರಿಗೆ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಒಂದೇ ಶಬ್ದ ಬರುತ್ತದೆ ಅಂತ ಹುಡುಗಿ ಸ್ಟುಡಿಯೋಗೆ ಬಂದಾಗ ಹೇಳಿದ್ದಳು.

"ನಾಕನೇದು ನಿಮ್ಮ ತವರೂರಿಂದಾ ಅಮ್ಮ?"

"ಹಾ."

ಬರೆದುಕೊಳ್ಳಲು ಹೊರಟವಳು ತಡೆದೆ. ಒಂದು ಸಾಕ್ಷಿಯ ಮೇಲೆ ತೀರ್ಮಾನ ಮಾಡಬಾರದು. "ಅಳಿಯಂದ್ರ ಊರಿಂದಾ?"

"ಹಾ."

"ದಾವಣಗೆರಿದಾ?"

"ಹಾ."

"ಬಾಂಬೇದಾ?"

ಅವರ ಮುಖದ ಎಡ ಅರ್ಧ ನಕ್ಕಿತು. "ಹಾ" ಅಂದರು. ಎಡಗೈ ಚಾಚಿ ನನ್ನ ಹಾಳೆಯ ಮೇಲೆ, ನಾಲ್ಕನೆಯ ನೀರಿಗೆಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ ಬೆರಳಿಟ್ಟರು. ಇಟ್ಟ ಬೆರಳು ಅಲ್ಲೇ ನಿಂತಿತು. ಅಂದರೆ ನಾನು ಕೇಳುತ್ತಿರುವುದು ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಒಳಗೆ ಪಾತ್ರೆಯ ಸದ್ದೂ ನಿಂತಿತ್ತು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು ಅನಿಸುತ್ತದೆ.

ಈ ಸಲ ಯಾವ ಊರಿನ ಹೆಸರನ್ನೂ ಹೇಳದೆ ಕೇಳಿದೆ, "ಅಮ್ಮಾ, ನಾಕನೇ ನೀರು ಯಾವೂರಿಂದು?"